‘ಬಿಲೈ’ ಅಂದರೆ ತೋರಿಸಿಕೊಡುವುದಲ್ಲ

ಇಂಗ್ಲಿಷಿನ ‘ಬಿಲೈ’ (belie) ಕ್ರಿಯಾಪದ ಬಳಸಿ ‘ಹರ್ ಸ್ಮೈಲ್ ಬಿಲೈಡ್ ಹರ್ ಆ್ಯಂಗರ್’ ಅಂದರೆ ನಗುವಿನಲ್ಲೇ ಸಿಟ್ಟು ಗೊತ್ತಾಯಿತು ಅಂತಲೇ, ಎಂದು ಕೇಳಿದ್ದೀರಿ. ಅಲ್ಲ, ತದ್ವಿರುದ್ಧ. ಒಳಗೆ ಕುದಿಯುತ್ತಿದ್ದರೂ ನಗು ಅದನ್ನು ಮರೆಮಾಚಿತು. ಸಿಟ್ಟು ಹೊರಬಿತ್ತು ಅನ್ನಬೇಕಾದರೆ ‘ಬಿಟ್ರೇಡ್’ (betrayed). ಇವೆರಡನ್ನೂ ಅದಲುಬದಲು ಮಾಡುವವರು ಬೇಕಾದಷ್ಟು ಜನ.

‘ಬಿಲೈ’ ಬಳಸುವಾಗ ಕರ್ತೃವಿನ ಜಾಗದಲ್ಲಿ ತೋರಿಕೆ, ಕರ್ಮದ ಜಾಗದಲ್ಲಿ ನಿಜ. ‘ಹಿಸ್ ಲುಕ್ಸ್ ಬಿಲೈ ಹಿಸ್ ಏಜ್’: ಮುಖ ನೋಡಿದರೆ ಅಷ್ಟು ವಯಸ್ಸು ಅನ್ನಿಸದು. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ‘ಟು’, ‘ಅಬೌಟ್’ ಯಾವುದೂ ಬೇಡ.

ಪತ್ರಿಕೆಗಳ ‘ಬಿಲೈಡ್ ಎಕ್ಸ್‌ಪೆಕ್ಟೇಶನ್ಸ್’ ಮಾತ್ರ ಬೇರೆ. ಫಲಿತಾಂಶ ಬಂದು ನಿರೀಕ್ಷೆ ಸುಳ್ಳಾಯಿತು ಅಂತ. ಇಲ್ಲಿ ಕರ್ಮವೇ ಹುಸಿ. ನಮ್ಮ ‘ಹುಸಿಗೊಳಿಸು’ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂದಹಾಗೆ, ‘ಇಂಗ್’ ಸೇರಿಸುವಾಗ ಕೊನೆಯ ‘ಐ-ಇ’ ಬಿಟ್ಟು ‘ವೈ’ ಬರೆಯಿರಿ, ‘ಲೈಯಿಂಗ್’ನಲ್ಲಿ ಬರೆಯುವಂತೆಯೇ.