ಮಾನಿಟರ್ 100 ಅನ್ನುತ್ತದೆ, ಫಿಲ್ಮ್ 80 ಇದೆ: ಯಾವುದನ್ನು ನಂಬಲಿ?

ಪ್ರಶ್ನೆ: ಮಂಗಳೂರಿನಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಥರ್ಮಲ್ ಇವಾಪೊರೇಶನ್‌ನಲ್ಲಿ (ನಿರ್ವಾತದಲ್ಲಿ ಲೋಹ ಕಾಯಿಸಿ ಆವಿ ಮಾಡಿ) ಗಾಜಿನ ಮೇಲೆ ಅಲ್ಯೂಮಿನಿಯಂ ಫಿಲ್ಮ್ ಹಾಕುತ್ತೇನೆ. ಹಾಕುವಾಗಲೇ ದಪ್ಪ ತೋರಿಸುವ ಮಾನಿಟರ್ 100 ನ್ಯಾನೋಮೀಟರ್ ತೋರಿಸಿದಾಗ ನಿಲ್ಲಿಸಿದರೂ, ಆಮೇಲೆ ಫಿಲ್ಮ್‌ನ ದಪ್ಪ ಅಳೆಯುವ ಪ್ರೊಫೈಲೋಮೀಟರ್‌ನಲ್ಲಿ ಪ್ರತಿ ಸಲ 80 ಬರುತ್ತದೆ. ಡೆನ್ಸಿಟಿ, ಝಡ್-ರೇಶಿಯೋ, ಟೂಲಿಂಗ್, ಇದರಲ್ಲಿ ಯಾವುದನ್ನು ತಿದ್ದಬೇಕು? ಮಳೆಗಾಲದಲ್ಲಿ ಫಿಲ್ಮ್ ಮಂಕಾಗುವುದೂ ಇದರಿಂದಲೇನಾ?

ಉತ್ತರ: ಪ್ರೊಫೈಲೋಮೀಟರನ್ನು ನಂಬಿ. ಮಾನಿಟರ್ ನಿಮ್ಮ ಗಾಜನ್ನು ನೋಡುವುದೇ ಇಲ್ಲ ಮಾರಾಯ್ರೇ, ಅದಕ್ಕೆ ಗೊತ್ತಿರುವುದು ಪಕ್ಕದಲ್ಲಿರುವ ಕ್ವಾರ್ಟ್ಜ್ ಕ್ರಿಸ್ಟಲ್ ಮಾತ್ರ. ಆ ಕ್ರಿಸ್ಟಲ್ ಹೆಚ್ಚಾಗಿ 5 ಅಥವಾ 6 ಮೆಗಾಹರ್ಟ್ಜ್‌ನಲ್ಲಿ ಕಂಪಿಸುತ್ತಿರುತ್ತದೆ, ಮೇಲೆ ಲೋಹ ಕೂತಷ್ಟೂ ಫ್ರೀಕ್ವೆನ್ಸಿ ಇಳಿಯುತ್ತದೆ. ಎಷ್ಟು ಇಳಿದರೆ ಎಷ್ಟು ತೂಕ ಅನ್ನುವ ಸಂಬಂಧವನ್ನು ಜರ್ಮನ್ ವಿಜ್ಞಾನಿ ಸೌರ್‌ಬ್ರೆ 1959ರಲ್ಲೇ ತೋರಿಸಿಕೊಟ್ಟರು. ಅಂದರೆ ಯಂತ್ರ ಅಳೆಯುವುದು ತೂಕವನ್ನು. ದಪ್ಪ ಬರುವುದು ನೀವು ತುಂಬಿದ ಅಂಕಿಗಳ ಲೆಕ್ಕದಿಂದ.

ಮೊದಲು ಡೆನ್ಸಿಟಿ ನೋಡಿ. ಅಲ್ಯೂಮಿನಿಯಂಗೆ ಘನ ಸೆಂಟಿಮೀಟರ್‌ಗೆ 2.70 ಗ್ರಾಂ ಇರಬೇಕು. ಹಿಂದಿನವರು ಚಿನ್ನ ಹಾಕಿ 19.3 ಹಾಗೇ ಬಿಟ್ಟಿದ್ದರೆ ತಪ್ಪು ಸುಮಾರು ಏಳು ಪಟ್ಟು ಇರುತ್ತಿತ್ತು, ನಿಮ್ಮದು ಅಷ್ಟಿಲ್ಲ. ಝಡ್-ರೇಶಿಯೋ, ಅಂದರೆ ಕಂಪನ ಲೋಹದಲ್ಲೂ ಕ್ವಾರ್ಟ್ಜ್‌ನಲ್ಲೂ ಸಾಗುವ ರೀತಿಯ ವ್ಯತ್ಯಾಸ ಸರಿಪಡಿಸುವ ಅಂಕಿ, ಕಾಟ ಕೊಡುವುದು ಕ್ರಿಸ್ಟಲ್ ಮೇಲೆ ಲೋಹ ಜಾಸ್ತಿ ಕೂತಾಗ. ಅಲ್ಯೂಮಿನಿಯಂಗೆ ಅದು 1.08, ಹಾಗಾಗಿ ಅದರ ಚಿಂತೆ ಸದ್ಯಕ್ಕೆ ಬಿಡಿ.

ಉಳಿದದ್ದು ಟೂಲಿಂಗ್. ಕ್ರಿಸ್ಟಲ್ ಬೋಟ್‌ಗೆ (ಲೋಹ ಕಾಯಿಸುವ ಪುಟ್ಟ ಪಾತ್ರೆಗೆ) ಹತ್ತಿರವಿದ್ದು ಗಾಜು ದೂರವಿದ್ದರೆ ಕ್ರಿಸ್ಟಲ್ ಮೇಲೆ ಜಾಸ್ತಿ ಬೀಳುತ್ತದೆ, ಅಲ್ವಾ? ಆ ವ್ಯತ್ಯಾಸವನ್ನು ಸರಿದೂಗಿಸುವ ಶೇಕಡಾವಾರು ಅಂಕಿಯೇ ಟೂಲಿಂಗ್. ಹಳೇ ಟೂಲಿಂಗನ್ನು ಅಳೆದ ದಪ್ಪದಿಂದ ಗುಣಿಸಿ, ಮಾನಿಟರ್ ತೋರಿಸಿದ ದಪ್ಪದಿಂದ ಭಾಗಿಸಿ. ಈಗ 100 ಇದ್ದರೆ ಹೊಸದು 80. ಗಾಜಿನ ಹೋಲ್ಡರ್ ಎತ್ತರ ಬದಲಾದರೆ ಟೂಲಿಂಗನ್ನು ಮತ್ತೆ ಲೆಕ್ಕ ಹಾಕಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ.

ಬೋಟ್ ಮೇಲಿನ ಮುಚ್ಚಳ, ಅಂದರೆ ಶಟರ್, ತೆರೆದ ಕೂಡಲೇ ರೇಟ್ (ಲೋಹ ಕೂರುವ ವೇಗ) ಒಮ್ಮೆ ಎಗರಿ ಬೀಳುವುದನ್ನು ನೋಡಿರಬಹುದು. ಅದು ಬೋಟ್‌ನ ಬಿಸಿ ಕ್ರಿಸ್ಟಲ್‌ಗೆ ತಟ್ಟಿದ್ದು. ಕೂಲಿಂಗ್ ನೀರು ಹರಿಯುತ್ತಿದೆಯಾ ನೋಡಿ, ಸುಮ್ನೆ ಗಾಬರಿಯಾಗಿ ಪವರ್ ತಿರುಗಿಸಬೇಡಿ.

ಮಂಕಾಗುವುದು ಬೇರೆ ಕಥೆ. ನಮ್ಮ ಕರಾವಳಿಯ ಜೂನ್-ಜುಲೈ ಗಾಳಿಯಲ್ಲಿ ಚೇಂಬರ್ ತೆರೆದಿಟ್ಟರೆ ಒಳಗೋಡೆಗೆ ನೀರಿನಂಶ ಅಂಟುತ್ತದೆ, ಪಂಪ್ ಮಾಡಿದರೂ ಬೇಗ ಬಿಡುವುದಿಲ್ಲ, ಡಿಪೊಸಿಶನ್ ನಿಧಾನವಾದಷ್ಟೂ ಅದು ಅಲ್ಯೂಮಿನಿಯಂ ಜೊತೆ ಸೇರಿಕೊಂಡು ಆಕ್ಸೈಡ್ ಆಗುತ್ತಾ ಹೋಗುತ್ತದೆ. ಚೇಂಬರ್ ತೆರೆಯುವ ಮುಂಚೆ ಒಳಗೆ ಡ್ರೈ ನೈಟ್ರೋಜನ್ ತುಂಬಿಸಿ ವೆಂಟ್ ಮಾಡಿ, ಬೇಗ ಮುಚ್ಚಿ, ರಾತ್ರಿಯಿಡೀ ಪಂಪ್ ಆಗಲು ಬಿಡಿ. ಶಟರ್ ಮುಚ್ಚಿಯೇ ಬೋಟನ್ನು ಸ್ವಲ್ಪ ಹೊತ್ತು ಬಿಸಿಯಲ್ಲಿಡಿ, ಅದೇ ಸೋಕ್, ಲೋಹದಲ್ಲಿದ್ದ ಗ್ಯಾಸ್ ಆಗಲೇ ಹೊರಟುಹೋಗಲಿ. ಆಮೇಲೆ ರೇಟ್ ಸ್ವಲ್ಪ ಏರಿಸಿ ಹಾಕಿ. ಸ್ಕ್ರೀನ್‌ನಲ್ಲಿ ರೇಟ್ ಆಂಗ್‌ಸ್ಟ್ರಾಂಗಳಲ್ಲಿರಬಹುದು, 10 ಆಂಗ್‌ಸ್ಟ್ರಾಂ ಅಂದರೆ 1 ನ್ಯಾನೋಮೀಟರ್.

ಟೂಲಿಂಗ್, ರೇಟ್ ಎರಡನ್ನೂ ಒಂದೇ ದಿನ ಬದಲಿಸಬೇಡಿ. ಹೊಸ ಟೂಲಿಂಗ್ ಹಾಕಿ ಒಂದು ರನ್ ತೆಗೆದು ಅಳೆಯಿರಿ, ನೂರರ ಹತ್ತಿರ ಬಂದ ಮೇಲೆ ರೇಟ್‌ಗೆ ಕೈ ಹಾಕಿ.