ಓದುಗರ ಪ್ರಶ್ನೆ: ಸನ್ನಿಸೈಡ್ ಮನೆಯ ಜನರಲ್

ಹೋದ ಸಂಚಿಕೆಯಲ್ಲಿ ನಮ್ಮ ಕೊಡಗಿನವರೇ ಆದ, ದೇಶದ ಸೈನ್ಯದ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮೂರ್ನಾಡಿನ ನನ್ನ ಮನೆಗೆ ಪೋಸ್ಟ್‌ಮ್ಯಾನ್ ದಿನಾ ಬರುವಷ್ಟು ಪತ್ರಗಳು ಬಂದವು. ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಅವರ ಬಗ್ಗೆಯೇ ಬರೆಯುತ್ತೇನೆ.

ಪ್ರಶ್ನೆ: ಮುಂದಿನ ತಿಂಗಳು ಏಳನೇ ಕ್ಲಾಸಿನ ಮಕ್ಕಳನ್ನು ಮಡಿಕೇರಿಯ ಸನ್ನಿಸೈಡ್, ಅಂದರೆ ಈಗ ಮ್ಯೂಸಿಯಂ ಆಗಿರುವ ತಿಮ್ಮಯ್ಯನವರ ಮನೆ, ನೋಡಲು ಕರೆತರುತ್ತಿದ್ದೇನೆ. ಹಿಂದಿನ ವರ್ಷದ ಮಕ್ಕಳು ಟ್ಯಾಂಕ್ ಮುಂದೆ ಫೋಟೋ ತೆಗೆಸಿಕೊಂಡರು, ಒಳಗೆ ಬೋರ್ಡ್ ಓದಿದರು. ಬಸ್ ಹತ್ತುವಷ್ಟರಲ್ಲಿ ಎಲ್ಲ ಮರೆತಿದ್ದರು. ನೆನಪಿನಲ್ಲಿ ಉಳಿಯುವ ಹಾಗೆ ಏನು ಹೇಳಲಿ?
— ಶಿಕ್ಷಕಿ, ಕುಶಾಲನಗರ

ಉತ್ತರ: ಮೇಡಂ, ಟ್ಯಾಂಕ್ ಹತ್ತಿರವೇ ಶುರು ಮಾಡಿ. ಮಕ್ಕಳು ಹೇಗೂ ಅಲ್ಲೇ ನಿಲ್ಲುತ್ತಾರೆ ಅಲ್ವಾ? ಅದು ತಿಮ್ಮಯ್ಯನವರು ಯುದ್ಧಕ್ಕೆ ಒಯ್ದ ಟ್ಯಾಂಕ್ ಅಲ್ಲ, ಆಮೇಲಿನ ಕಾಲದ್ದು. ಅದನ್ನು ಹೇಳಿಬಿಟ್ಟು, ಒಂದು ಪ್ರಶ್ನೆ ಕೇಳಿ. ‘ಇಂಥದ್ದನ್ನು ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟದ ಮೇಲೆ ಹತ್ತಿಸಬಹುದಾ?’ ಎಲ್ಲರೂ ಆಗಲ್ಲ ಅಂತಾರೆ. ಕಾಶ್ಮೀರದ ಝೋಜಿಲಾ ಕಣಿವೆದಾರಿ ನಮ್ಮ ತಡಿಯಂಡಮೋಳಿಗಿಂತ ಎರಡು ಪಟ್ಟು ಎತ್ತರ. ಹನ್ನೊಂದು ಸಾವಿರ ಅಡಿಗಿಂತ ಜಾಸ್ತಿ. ಅಲ್ಲಿಗೆ ಟ್ಯಾಂಕ್ ಹತ್ತಿಸಿದವರು ಈ ಮನೆಯಲ್ಲಿ ಬೆಳೆದ ಹುಡುಗ.

1948ರಲ್ಲಿ ತಿಮ್ಮಯ್ಯ ಕಾಶ್ಮೀರದಲ್ಲಿ ಮೇಜರ್ ಜನರಲ್. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯನ್ನು ಪಾಕಿಸ್ತಾನದ ಕಡೆಯ ಶತ್ರುಗಳು ಝೋಜಿಲಾದಲ್ಲಿ ಕಟ್ಟಿಹಾಕಿದ್ದರು. ಎರಡೂ ಬದಿಯ ಬಂಡೆಗಳ ಮರೆಯಲ್ಲಿ ಮೆಷಿನ್‌ಗನ್. ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲಾಳುಗಳು ನುಗ್ಗಿ ನೋಡಿದರು, ಆಗಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್‌ನಲ್ಲಿದ್ದವರಿಗೆ ಗತಿಯಿಲ್ಲ. ಆಗ ತಿಮ್ಮಯ್ಯ ಟ್ಯಾಂಕ್ ತರಿಸಲು ತೀರ್ಮಾನ ಮಾಡಿದರು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕ್ ಓಡಿಸಿರಲಿಲ್ಲ.

7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳು ಜಮ್ಮು ಕಡೆಯಿಂದ ಗುಟ್ಟಾಗಿ ಬಂದವು. ಮೇಲಿನ ಗೋಪುರ ಬಿಚ್ಚಿ, ಟಾರ್ಪಾಲ್ ಹೊದಿಸಿ ತಂದರು. ಝೋಜಿಲಾದ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಹತ್ತು ಟನ್ನಿಗಿಂತ ಜಾಸ್ತಿ ತೂಕದ ಟ್ಯಾಂಕ್ ಹೋಗುವ ಹಾಗೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಸೈನ್ಯದ ಎಂಜಿನಿಯರ್ ಪಡೆಯವರು. ನಾನೂ ಅದೇ ಸ್ಯಾಪರ್ಸ್‌ನವನು. ಬೆಂಗಳೂರಿನ ಹಲಸೂರಿನಲ್ಲಿ ರಂಗರೂಟ್, ಅಂದರೆ ಹೊಸದಾಗಿ ಸೇರಿದ ಜವಾನ, ಆಗಿದ್ದಾಗ ನಮಗೆ ತರಬೇತಿ ಕೊಡುತ್ತಿದ್ದ ಉಸ್ತಾದ್ ಈ ಕತೆ ಹೇಳುವಾಗ ದನಿಯೇ ಬದಲಾಗುತ್ತಿತ್ತು. ‘ನಮ್ಮ ತಂಬಿಗಳು ಗುಂಡಿನ ಕೆಳಗೆ ಗುದ್ದಲಿ ಹಿಡಿದಿದ್ದರು’ ಅನ್ನುತ್ತಿದ್ದರು.

ನವೆಂಬರ್ 1ರಂದು, ಹಿಮ ಸುರಿಯುತ್ತಿರುವಾಗ, ಟ್ಯಾಂಕ್‌ಗಳು ನುಗ್ಗಿದವು. ಮುಂದಿನ ಟ್ಯಾಂಕ್‌ಗಳಲ್ಲಿ ಒಂದರಲ್ಲಿ ತಿಮ್ಮಯ್ಯ ಸ್ವತಃ ಕೂತಿದ್ದರು. ಶತ್ರುಗಳು ಕನಸಿನಲ್ಲೂ ನೆನೆಸಿರಲಿಲ್ಲ. ಝೋಜಿಲಾ ಕೈಗೆ ಬಂತು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೂಡ ಬಂದವು.

ಮಕ್ಕಳಿಗೆ ಇಲ್ಲಿ ಸ್ವಲ್ಪ ನಿಲ್ಲಿಸಿ ಹೇಳಿ. ಒಂದು ಇಡೀ ಡಿವಿಷನ್ನಿನ ಮುಖ್ಯಸ್ಥರು ಹಿಂದೆ ಮ್ಯಾಪ್ ಮುಂದೆ ಕೂತಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅದೇ ವರ್ಷ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಸಲ ಡಕೋಟಾ ವಿಮಾನ ಇಳಿಸಿದರಲ್ಲ, ಆಗಲೂ ತಿಮ್ಮಯ್ಯ ಜೊತೆಯಲ್ಲೇ ಕೂತಿದ್ದರು. ಹೊಳೆದಂಡೆಯ ಮರಳಿನ ಮೇಲೆ ಆಗತಾನೇ ಮಾಡಿದ ರನ್‌ವೇ ಅದು. ಜವಾನರನ್ನು ಕಳಿಸುವ ಜಾಗಕ್ಕೆ ಮೊದಲು ತಾವು ಹೋಗುತ್ತಿದ್ದರು.

ನಾನು ಝೋಜಿಲಾ ಹತ್ತಿದ್ದು 1984ರ ಜೂನ್‌ನಲ್ಲಿ, ಲಾರಿಯ ಹಿಂಭಾಗದಲ್ಲಿ ಕೂತು. ಗೋಡೆಯಂತೆ ನಿಂತ ಹಿಮದ ನಡುವೆ ದಾರಿ. ಕೆಳಗೆ ಬಾಲ್ತಾಲ್‌ನ ಟೆಂಟುಗಳು ಕಣದಲ್ಲಿ ಹರಡಿದ ಕಾಫಿ ಬೀಜದ ಹಾಗೆ ಕಾಣುತ್ತಿದ್ದವು. ನನಗೆ ಉಸಿರು ಸಿಗುತ್ತಿರಲಿಲ್ಲ. ಪಕ್ಕದಲ್ಲಿದ್ದ ತಮಿಳು ಹುಡುಗನಿಗೆ ‘ಇಲ್ಲಿ ಟ್ಯಾಂಕ್ ತಂದ ಜನರಲ್ ನಮ್ಮೂರಿನವರು’ ಅಂದೆ. ಅವನು ಕಮರಿಯನ್ನು ನೋಡಿದ, ನನ್ನನ್ನು ನೋಡಿದ, ಎದ್ದು ನಿಂತು ಒಂದು ಸೆಲ್ಯೂಟ್ ಹೊಡೆದ. ಲಾರಿ ಅಲ್ಲಾಡುತ್ತಿತ್ತು. ಆ ಸೆಲ್ಯೂಟ್ ನಾನು ಇವತ್ತಿಗೂ ಮರೆತಿಲ್ಲ.

ಇಷ್ಟು ಹೇಳಿ ಆಮೇಲೆ ಮನೆಯೊಳಗೆ ಕರೆದುಕೊಂಡು ಹೋಗಿ. ಮ್ಯೂಸಿಯಂ ಆಗಿದ್ದು 2021ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಅಲ್ಲಿ ಆರ್‌ಟಿಒ ಆಫೀಸ್ ಇತ್ತು. ಪಿಂಚಣಿ ಬಂದ ಮೇಲೆ ನಾನು ಜೀಪಿನ ಲೈಸೆನ್ಸ್ ಮಾಡಿಸಿಕೊಂಡಿದ್ದು ಆ ಮನೆಯಲ್ಲೇ. ಅಲ್ಲಿ ಬೆಳೆದ ಅಣ್ಣತಮ್ಮಂದಿರು ಮೂವರೂ ಸೈನ್ಯದ ಅಧಿಕಾರಿಗಳಾದರು. ಅಣ್ಣ ಪೊನ್ನಪ್ಪ ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದರು. ತಿಮ್ಮಯ್ಯ ಬರ್ಮಾದಲ್ಲಿ ಬ್ರಿಟಿಷ್ ಇಂಡಿಯನ್ ಸೈನ್ಯದ ಪರವಾಗಿ ಹೋರಾಡಿ ಡಿಎಸ್ಒ ಎಂಬ ಬ್ರಿಟಿಷ್ ಸೇನಾ ಪದಕ ಪಡೆದರು. ತಮ್ಮ ಸೋಮಯ್ಯ ಕಾಶ್ಮೀರದ ಯುದ್ಧದಲ್ಲಿ ತೀರಿಕೊಂಡರು. ಒಬ್ಬ ತಾಯಿಯ ಮಕ್ಕಳು. ಆ ತಾಯಿ ಯಾವ ದಿಕ್ಕಿನ ಸುದ್ದಿಗೆ ಕಾಯಬೇಕಿತ್ತು, ನೀವೇ ಯೋಚಿಸಿ. ಮಕ್ಕಳಿಗೂ ಇದು ಅರ್ಥವಾಗುತ್ತದೆ.

ಪ್ರಶ್ನೆ: ಕಾರ್ಯಪ್ಪನವರಿಗೂ ತಿಮ್ಮಯ್ಯನವರಿಗೂ ಸಂಬಂಧ ಇದೆಯಾ?
— ಪಿಯುಸಿ ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಇದೆ ಮಗಳೇ. ಇಬ್ಬರೂ ಕೊಡಂದೇರ ಮನೆತನದವರು. ಹೆಸರಿನ ಮುಂದಿನ ‘ಕೆ’ ಅದೇ. ಕಾರ್ಯಪ್ಪ 1949ರ ಜನವರಿ 15ರಂದು ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದರು. ತಿಮ್ಮಯ್ಯ 1957ರಿಂದ 1961ರವರೆಗೆ ಮುಖ್ಯಸ್ಥರಾಗಿದ್ದರು. ಒಂದೇ ಮನೆತನದಿಂದ ಇಬ್ಬರು.

ಪ್ರಶ್ನೆ: ತಿಮ್ಮಯ್ಯ ರಾಜೀನಾಮೆ ಕೊಟ್ಟು ವಾಪಸ್ ತೆಗೆದುಕೊಂಡರಂತೆ. ನಮ್ಮ ಕಾಫಿ ಕ್ಲಬ್ಬಿನಲ್ಲಿ ಇದೇ ಜಗಳ. ಅದು ಅವರ ದೌರ್ಬಲ್ಯವಾ?
— ಬೆಳೆಗಾರ, ವಿರಾಜಪೇಟೆ

ಉತ್ತರ: ಸಾರ್, ನನ್ನ ಪ್ರಕಾರ ಅಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಅವರಿಗೆ ಸರಿಹೋಗುತ್ತಿರಲಿಲ್ಲ. ದೊಡ್ಡ ಅಧಿಕಾರಿಗಳ ಬಡ್ತಿಯಲ್ಲಿ ಮಂತ್ರಿ ಕೈ ಹಾಕುತ್ತಾರೆ ಅನ್ನುವ ನೋವಿತ್ತು. 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕರೆದು ಒಪ್ಪಿಸಿದರು, ಇವರು ವಾಪಸ್ ಪಡೆದರು. ಆಮೇಲೆ ಸಂಸತ್ತಿನಲ್ಲಿ ನೆಹರೂ ಮಾತಾಡಿದ್ದು ಮಾತ್ರ ಇವರಿಗೆ ಬೆಂಬಲವಾಗಿರಲಿಲ್ಲ. ಅಷ್ಟಾದರೂ ತಿಮ್ಮಯ್ಯ ಹೊರಗೆ ಬಂದು ಸರ್ಕಾರದ ವಿರುದ್ಧ ಭಾಷಣ ಮಾಡಲಿಲ್ಲ. ಇನ್ನೂ ಒಂದೂವರೆ ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿ, 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧ. ಅಕ್ಕಪಕ್ಕದ ದೇಶಗಳಲ್ಲಿ ಮುನಿಸಿಕೊಂಡ ಜನರಲ್‌ಗಳು ಏನೇನು ಮಾಡಿದರು ಅಂತ ನಾವು ನೋಡಿದ್ದೇವೆ. ನಮ್ಮ ಜನರಲ್ ತಮ್ಮ ಮಾನಕ್ಕಿಂತ ಚುನಾಯಿತ ಸರ್ಕಾರದ ಮಾತು ದೊಡ್ಡದು ಅಂದುಕೊಂಡರು. ಅವರಿಗೆ ಅದು ತುಂಬಾ ಕಹಿಯಾಗಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಪ್ರಶ್ನೆ: ತಾತನ ಹಳೇ ಆಲ್ಬಂನಲ್ಲಿ ಸೈಪ್ರಸ್ ದೇಶದ ಸ್ಟಾಂಪ್ ಸಿಕ್ಕಿತು. ಅದರಲ್ಲಿ ಜನರಲ್ ತಿಮ್ಮಯ್ಯನವರ ಚಿತ್ರ! ಯಾಕೆ?
— ಓದುಗ, ಭಾಗಮಂಡಲ

ಉತ್ತರ: ತಮ್ಮಾ, ಅದು 1966ರ ಸ್ಟಾಂಪ್. ಸೈಪ್ರಸ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ಆದಾಗ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತು. 1964ರ ಜುಲೈಯಿಂದ ಅದರ ಕಮಾಂಡರ್ ತಿಮ್ಮಯ್ಯ. ಇಂಥ ಕೆಲಸ ಅವರಿಗೆ ಹೊಸದಲ್ಲ. 1953ರಲ್ಲಿ ಕೊರಿಯಾದಲ್ಲಿ, ಊರಿಗೆ ಹೋಗುವುದಿಲ್ಲ ಅಂತ ಹಟ ಹಿಡಿದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರ ನೋಡಿಕೊಂಡ ಆಯೋಗಕ್ಕೂ ಅವರೇ ಅಧ್ಯಕ್ಷರು. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲೇ, ಕೆಲಸದಲ್ಲಿರುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಐವತ್ತೊಂಬತ್ತು ವರ್ಷ. ಬೆಂಗಳೂರಿಗೆ ತಂದು ಮಣ್ಣು ಮಾಡಿದರು. ಸೈಪ್ರಸ್‌ನ ಲಾರ್ನಾಕಾ ಊರಿನಲ್ಲಿ ಅವರ ಹೆಸರಿನ ರಸ್ತೆ ಇದೆ.

ಆಲ್ಬಂ ಜೋಪಾನ. ನಿಮ್ಮ ಭಾಗಮಂಡಲದ ಕಕ್ಕಡದ ಮಳೆಗೆ ಸ್ಟಾಂಪ್ ಹಾಳೆಗೆ ಅಂಟಿಕೊಂಡುಬಿಡುತ್ತದೆ. ನಡುವೆ ಬೆಣ್ಣೆ ಕಾಗದ ಇಟ್ಟು, ಒಲೆಯ ಬಿಸಿ ತಾಗುವ ಗೋಡೆ ಕಡೆಯ ಬೀರುವಿನಲ್ಲಿ ಇಡಿ. ಮಳೆ ಬಿಟ್ಟ ಮೇಲೆ ಒಂದು ದಿನ ನನಗೂ ತೋರಿಸಿ, ನಾನೇ ಬರುತ್ತೇನೆ.