‘ಜಲವಿದ್ಯುತ್ ಎಂದರೇನು?’ ಲೇಖನ ಕಳಿಸಿದವರಿಗೆ

ನಮಸ್ಕಾರ,

ನಿಮ್ಮ ಲೇಖನ ಓದಿದೆ. ಸದ್ಯಕ್ಕೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆ ಸರಾಗವಾಗಿದೆ, ಅದರ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ವಿಷಯದಲ್ಲೇ.

‘ಜಲವಿದ್ಯುತ್ ಎಂದರೆ ನೀರಿನಿಂದ ತೆಗೆಯುವ ವಿದ್ಯುತ್’ ಎಂದು ಶುರು ಮಾಡಿದ್ದೀರಿ. ಪದ ಬಿಡಿಸಿದ್ದಾಯಿತು, ಆದರೆ ಓದುಗರಿಗೆ ಏನು ತಿಳಿಯಿತು? ಆ ‘ತೆಗೆಯುವ’ ಅನ್ನುವ ಮಾತೇ ಮುಂದೆ ನಿಮ್ಮನ್ನು ದಾರಿ ತಪ್ಪಿಸಿದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ‘ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ, ಅದು ಬೆಳೆಗೆ ಆಗಿಬರುವುದಿಲ್ಲ’ ಎಂದು ಬರೆದುಬಿಟ್ಟಿದ್ದೀರಿ. ಹಾಲಿನಿಂದ ಬೆಣ್ಣೆ ತೆಗೆದ ಹಾಗೆ ನೀರಿನಿಂದ ಕರೆಂಟ್ ತೆಗೆಯುತ್ತಾರೆ ಅಂತ ನಂಬಿದವರು ಬೇಕಾದಷ್ಟು ಜನ ಇದ್ದಾರೆ. ಅಂಥವರಿಗೆ ತಿಳಿಸಿ ಹೇಳಬೇಕಾದ ಲೇಖನವೇ ಅದನ್ನು ಹೇಳಿದರೆ ಹೇಗೆ? ನೀರಿನೊಳಗೆ ಕರೆಂಟ್ ಇರುವುದಿಲ್ಲ. ಮೇಲಿದ್ದ ನೀರು ಕೆಳಗೆ ಬರುತ್ತದೆ, ಬರುವಾಗ ಚಕ್ರ ತಿರುಗಿಸುತ್ತದೆ, ಚಕ್ರ ಜನರೇಟರ್ ತಿರುಗಿಸುತ್ತದೆ. ನೀರು ಕಳೆದುಕೊಳ್ಳುವುದು ಎತ್ತರವನ್ನು, ಅಷ್ಟೇ.

‘ಎತ್ತರ’ ಅನ್ನುವ ಮಾತೇ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ! ಎಲ್ಲ ಕಡೆ ನೀರು ಎಷ್ಟು ಅನ್ನುವುದೊಂದೇ ಲೆಕ್ಕ. ಆದರೆ 100 ಮೀಟರ್ ಮೇಲಿನಿಂದ ಬೀಳುವ ನೀರಾದರೆ ಒಂದು ಯೂನಿಟ್‌ಗೆ ಸುಮಾರು 4,000 ಲೀಟರ್ ಸಾಕು. ಎತ್ತರ 10 ಮೀಟರ್ ಆದರೆ ಅದೇ ಒಂದು ಯೂನಿಟ್‌ಗೆ 40,000 ಲೀಟರ್ ಬೇಕು. ಈ ಲೆಕ್ಕವನ್ನು ಮೊದಲ ಪುಟದಲ್ಲೇ ಕೊಡಿ.

ಟರ್ಬೈನ್, ಅಂದರೆ ನೀರು ತಿರುಗಿಸುವ ಆ ಚಕ್ರದ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಜಾಸ್ತಿ ಬರೆಯಬೇಕಿದ್ದದ್ದು ಅಲ್ಲೇ. ಪೆಲ್ಟನ್ ಚಕ್ರವನ್ನೇ ನೋಡಿ. ಅದರ ಅಂಚಿನ ಸುತ್ತ ಬಟ್ಟಲಿನಂಥವು ಇರುತ್ತವೆ. ಪ್ರತಿ ಬಟ್ಟಲಿನ ನಡುವೆ ಚೂಪಾದ ಏಣು. ರಭಸದಿಂದ ಬಂದ ನೀರಿನ ಧಾರೆ ಆ ಏಣಿಗೆ ಬಡಿದು ಎರಡಾಗಿ ಸೀಳುತ್ತದೆ, ಬಟ್ಟಲಿನ ಒಳಮೈ ಸವರಿಕೊಂಡು ಬಂದ ದಿಕ್ಕಿಗೇ ತಿರುಗುತ್ತದೆ. ಅಷ್ಟರಲ್ಲಿ ಅದರ ವೇಗವೆಲ್ಲ ಹೆಚ್ಚುಕಡಿಮೆ ಚಕ್ರದ ಪಾಲಾಗಿರುತ್ತದೆ. ನೀರು ಸುಮ್ನೆ ಕೆಳಗೆ ಬೀಳುತ್ತದೆ. ಇದು ತುಂಬ ಎತ್ತರದಿಂದ ನೀರು ಬರುವ ಕಡೆಗೆ. ಎತ್ತರ ಕಡಿಮೆ, ನೀರು ಜಾಸ್ತಿ ಇದ್ದರೆ ಕಪ್ಲಾನ್ ಟರ್ಬೈನ್ ಹಾಕುತ್ತಾರೆ. ನಡುವಿನದಕ್ಕೆ ಫ್ರಾನ್ಸಿಸ್.

ಇನ್ನೊಂದು ಕಡೆ ‘ಕಲ್ಲಿದ್ದಲು ಸ್ಥಾವರದಲ್ಲೂ ನೀರಿನ ಆವಿಯೇ ಟರ್ಬೈನ್ ತಿರುಗಿಸುವುದರಿಂದ ಅದೂ ಒಂದು ರೀತಿಯ ಜಲವಿದ್ಯುತ್’ ಎಂದಿದ್ದೀರಿ. ಜಾಣ ಮಾತು, ಆದರೆ ತಪ್ಪು. ಅಲ್ಲಿ ಶಕ್ತಿ ಕೊಡುವುದು ಕಲ್ಲಿದ್ದಲು. ನೀರು ಬರೀ ಶಾಖ ಸಾಗಿಸುತ್ತದೆ. ನಿಜವಾಗಿ ಗೊಂದಲ ಹುಟ್ಟಿಸುವುದು ಪಂಪ್ಡ್ ಸ್ಟೋರೇಜ್. ಬೇಡಿಕೆ ಕಡಿಮೆ ಇದ್ದಾಗ ಕರೆಂಟ್ ಬಳಸಿಯೇ ನೀರನ್ನು ಮೇಲಕ್ಕೆ ಎತ್ತಿ, ಬೇಡಿಕೆ ಹೆಚ್ಚಾದಾಗ ಕೆಳಕ್ಕೆ ಬಿಡುತ್ತಾರೆ. ಹಾಕಿದ್ದರಲ್ಲಿ ವಾಪಸ್ ಬರುವುದು ಮುಕ್ಕಾಲು ಪಾಲಿನ ಆಸುಪಾಸು. ಅದನ್ನು ಜಲವಿದ್ಯುತ್ ಅನ್ನಬೇಕೋ, ನೀರಿನ ಬ್ಯಾಟರಿ ಅನ್ನಬೇಕೋ? ಇದರ ಬಗ್ಗೆ ಒಂದು ಪ್ಯಾರಾ ಬರೆಯಿರಿ.

‘ತ್ರೀ ಗಾರ್ಜಸ್ ವರ್ಷಕ್ಕೆ 22,500 ಮೆಗಾವಾಟ್ ಉತ್ಪಾದಿಸುತ್ತದೆ’ ಅನ್ನುವ ಸಾಲು ಹೊಡೆದುಹಾಕಿ. ಮೆಗಾವಾಟ್ ಅಂದರೆ ಸಾಮರ್ಥ್ಯ; ಚೀನಾದ ಆ ಜಲವಿದ್ಯುತ್ ಸ್ಥಾವರದ್ದು 22,500. ವರ್ಷದ ಲೆಕ್ಕ ಯೂನಿಟ್‌ನಲ್ಲಿರಬೇಕು. ಎರಡೂ ಬೇರೆ ಬೇರೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಇಟೈಪು. ಬ್ರೆಜಿಲ್ ಮತ್ತು ಪರಾಗ್ವೆ ಗಡಿಯ ಈ ಸ್ಥಾವರದ ಸಾಮರ್ಥ್ಯ 14,000 ಮೆಗಾವಾಟ್ ಮಾತ್ರ. ಆದರೂ 2016ರಲ್ಲಿ ಅದು ಸುಮಾರು 10,300 ಕೋಟಿ ಯೂನಿಟ್ ಕೊಟ್ಟಿತು. ಆ ವರ್ಷ ತ್ರೀ ಗಾರ್ಜಸ್ ಕೊಟ್ಟದ್ದು ಸುಮಾರು 9,350 ಕೋಟಿ. ಯಂತ್ರ ಎಷ್ಟೇ ದೊಡ್ಡದಿರಲಿ, ನದಿಯಲ್ಲಿ ನೀರು ಹರಿಯಬೇಕಲ್ವಾ?

ಸಣ್ಣಪುಟ್ಟವು: ‘ಜಲವಿದ್ಯುತ್ ಕಟ್ಟಿದರು’ ಅಲ್ಲ, ಕಟ್ಟುವುದು ಜಲವಿದ್ಯುತ್ ಸ್ಥಾವರವನ್ನು. ‘ಜಲವಿದ್ಯುತ್ ಕರೆಂಟ್’ ಬೇಡ. ವಿಭಕ್ತಿ ಹಚ್ಚುವಾಗ ‘ಜಲವಿದ್ಯುತ್ತಿನ’, ಎರಡು ತಕಾರ. ‘ಅಣೆಕಟ್ಟು ಇದ್ದಲ್ಲೆಲ್ಲ ಜಲವಿದ್ಯುತ್’ ಅನ್ನುವುದೂ ಸರಿಯಲ್ಲ. ನೀರಾವರಿಗೆಂದೇ ಕಟ್ಟಿದ ಅಣೆಕಟ್ಟುಗಳು ಎಷ್ಟೋ ಇವೆ.

ತಿದ್ದಿ ಮತ್ತೆ ಕಳಿಸಿ. ಜೊತೆಗೆ ಇಟ್ಟಿದ್ದ ಅಣೆಕಟ್ಟಿನ ಫೋಟೊ ಬೇಡ, ಪೆಲ್ಟನ್ ಬಟ್ಟಲಿನದು ಒಂದು ಚಿತ್ರ ಬರೆದು ಕಳಿಸಿ. ಕೈಯಲ್ಲಿ ಗೀಚಿದ್ದಾದರೂ ನಡೆಯುತ್ತದೆ.

ಸಂಪಾದಕ